ಮೂರರಲ್ಲಿ ಒಂದನೇ ಸ್ಥಾನ

ಡುಲೂತ್‌ ಎಂಬ ಅಮೆರಿಕದ ಊರಿನಲ್ಲಿ, ಜನ ತಾವೇ ಮೆಷಿನ್ನಿಗೆ ಬಟ್ಟೆ ಹಾಕಿ ಒಗೆದುಕೊಳ್ಳುವ ಲಾಂಡ್ರಿಯಲ್ಲಿ, ಮಾರ್ಲಿಸ್ ಹೊದಿಕೆ ಮಡಿಸುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರ ಮಾತು ಬಿಸಿಯೇರಿತ್ತು. ಅವಳ ಕಿವಿ ಅತ್ತಲೇ ಇತ್ತು.

“ನನ್ನ ಇ-ಪುಸ್ತಕ ಒಂದನೇ ಸ್ಥಾನಕ್ಕೆ ಬಂತು ಕಣಕ್ಕಾ!” ತಂಗಿ ಫೋನು ತೋರಿಸಿದಳು.

“ಯಾವುದರಲ್ಲಿ, ಟ್ವೈಲಾ?”

“ಹೆಪ್ಪುಗಟ್ಟಿದ ಕೆರೆಯ ಮಂಜುಗಡ್ಡೆ ಕೊರೆದು ಹಿಡಿದ ಮೀನಿನ ಅಡುಗೆ. ಆನ್‌ಲೈನ್ ಅಂಗಡಿಯ ಆ ವಿಭಾಗದಲ್ಲಿ.”

“ಅಲ್ಲಿ ಒಟ್ಟು ಎಷ್ಟು ಪುಸ್ತಕ ಇವೆ?”

“ಮೂರು. ಸಣ್ಣ ವಿಭಾಗಕ್ಕೆ ಸೇರಿಸಿದ್ರೆ ಬೇಗ ಮೇಲೆ ಬರುತ್ತಂತೆ. ಹುಡುಕಿ ಹುಡುಕಿ ಆರಿಸಿದೆ.”

“ಮೂರು ಜನ ಓಡಿದ ಪಂದ್ಯ ಗೆದ್ದು ಮೆರವಣಿಗೆ ಬೇರೆ! ಕೊಂಡುಕೊಂಡ ಪುಣ್ಯಾತ್ಮರು ಯಾರು?”

“ಅಮ್ಮ, ಚರ್ಚಿನ ಆರು ಜನ, ಆಮೇಲೆ ಯಾರೋ ಗುರುತಿಲ್ಲದ ಓದುಗರು ಒಬ್ಬರು. ಗುರುತಿಲ್ಲದವರೂ ಕೊಳ್ಳೋಕೆ ಶುರು ಮಾಡಿದ್ರಲ್ಲ ಅಂತ ಬೆಳಿಗ್ಗೆ ದಂತವೈದ್ಯರ ಹತ್ತಿರ ಕೆಲಸ ಬಿಟ್ಟುಬಂದೆ.”

ಅಕ್ಕ ಹಣೆ ಚಚ್ಚಿಕೊಂಡಳು.

“ಅಯ್ಯೋ ಪೆದ್ದೇ, ಅದು ನಾನು ಕಣೇ! ನಿನಗೆ ಖುಷಿಯಾಗ್ಲಿ ಅಂತ ಬೇರೆ ಹೆಸರಲ್ಲಿ ತಗೊಂಡಿದ್ದೆ.”

ಟ್ವೈಲಾ ಫೋನನ್ನು ಜೇಬಿಗೆ ಹಾಕಿಕೊಂಡಳು.

“ಓದಿದೆಯಾ?”

“ಎರಡು ಪುಟ. ನಿನ್ನೆ ವಾಪಸ್ ಮಾಡಿ ದುಡ್ಡು ತಗೊಂಡುಬಿಟ್ಟೆ.”

ಟ್ವೈಲಾ ಮೆಷಿನ್ನಿನ ಬಾಗಿಲು ತೆಗೆದು, ಇನ್ನೂ ಒಣಗದ ಬಟ್ಟೆಯನ್ನೇ ಬುಟ್ಟಿಗೆ ತುಂಬಿಕೊಂಡು, ನೀರು ತೊಟ್ಟಿಕ್ಕಿಸುತ್ತಾ ಹೊರಗಿನ ಹಿಮಕ್ಕೆ ನಡೆದುಬಿಟ್ಟಳು.