ಸಾವಿರದವರೆಗೆ ಎಣಿಸು

ನಾನು ಲಿಫ್ಟ್ ರಿಪೇರಿ ಕೆಲಸದವನು, ವಯಸ್ಸು 43 ವರ್ಷ, ಈ ಕಸುಬಿನಲ್ಲಿ 19 ವರ್ಷ, ವಾಸ ಬಸ್ ಡಿಪೋ ಹಿಂದಿನ ಅಡ್ಡರಸ್ತೆ, ಇಸ್ತ್ರಿ ಅಂಗಡಿಯ ಮೇಲಿನ ಮನೆ. ಯಾರೂ ಕರೆಸದೆ ನಾನೇ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಪೋಕರ್ ಆಡುವುದು ನನ್ನ ಎರಡು ವರ್ಷದ ಅಭ್ಯಾಸ. ದುಡ್ಡಿನ ಆಟವಲ್ಲ, ಬಿಟ್ಟಿ ಬಿಲ್ಲೆಗಳ ಇಸ್ಪೀಟು. ಅಲ್ಲಿ ನನ್ನ ಹೆಸರು ಬೋಲ್ಟು. ಆರು ತಿಂಗಳಿಂದ ಅದೇ ಮೇಜಿಗೆ ತಿಗಣೆ ಎಂಬ ಹೆಸರಿನವನೊಬ್ಬ ಬರುತ್ತಿದ್ದ. ಇಪ್ಪತ್ತರ ಆಸುಪಾಸಿನ, ಮಾಡಲು ಕೆಲಸವಿಲ್ಲದ ಪೋಲಿ ಎಂದು ನಾನಾಗಿ ನಿರ್ಧರಿಸಿದ್ದೆ. ಹಾಗೆಂದು ಅವನು ಎಲ್ಲೂ ಹೇಳಿರಲಿಲ್ಲ.

ತಿಗಣೆಗೆ ಆಟಕ್ಕಿಂತ ಚಾಟ್ ಮುಖ್ಯ. ನಾನು ಯೋಚಿಸಲು ಹತ್ತು ಸೆಕೆಂಡು ತೆಗೆದುಕೊಂಡರೆ, ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ನಿನ್ನ ಎಲೇನ ಆಡೂ ಮುಟ್ಟಲ್ಲ ಎಂದು ಬರೆಯುತ್ತಿದ್ದ. ಒಮ್ಮೆ ಬಾಯಿ ತಪ್ಪಿ ನನ್ನ ಕಸುಬು ಹೇಳಿಬಿಟ್ಟೆ. ಅಂದಿನಿಂದ ನಾನು ಲಿಫ್ಟಪ್ಪ. ಮೇಲಕ್ಕೋ ಕೆಳಕ್ಕೋ, ಬೇಗ ಬಟನ್ ಒತ್ತಪ್ಪ ಎಂದು ದಿನಾ ಕೆಣಕುವುದು. ಹೋದ ತಿಂಗಳು, ನಾನು ಗೆಲ್ಲುವ ಹೊತ್ತಿಗೆ, ಅಯ್ಯೋ ಭೂಕಂಪ, ಎಲ್ಲರೂ ಎಲೆ ಕೆಳಗಿಡಿ ಎಂದು ಬರೆದು ಮೇಜನ್ನೇ ಕೆಡಿಸಿದ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಸುಳ್ಳು ಹೇಳಲಾರೆ.

ಇಂದು ಮಧ್ಯಾಹ್ನ 12-50ಕ್ಕೆ ಆರು ಮಹಡಿಯ ವಸತಿ ಕಟ್ಟಡವೊಂದಕ್ಕೆ ತಿಂಗಳ ಸರ್ವಿಸ್‌ಗೆ ಹೋದೆ. ಗೇಟಿನ ಪುಸ್ತಕದಲ್ಲಿ ಸಹಿ ಇದೆ. 1-05ಕ್ಕೆ ಲಿಫ್ಟಿನ ಒಳಗಿನ ಗಂಟೆಗೂ ತುರ್ತು ದೀಪಕ್ಕೂ ಇರುವ ಬ್ಯಾಟರಿ ಸತ್ತಿದ್ದು ಕಂಡು ಬಿಚ್ಚಿದೆ. ಹೊಸದು ನನ್ನ ಚೀಲದಲ್ಲೇ ಇತ್ತು. ಊಟ ಮಾಡಿ ಹಾಕೋಣ ಎಂದುಕೊಂಡೆ. ಕೆಲಸ ನಡೆಯುತ್ತಿದೆ ಎಂಬ ಬೋರ್ಡನ್ನು ಪ್ರತಿ ಮಹಡಿಯಲ್ಲೂ ನೇತುಹಾಕಬೇಕು. ನೆಲಮಹಡಿಯಲ್ಲಿ ಮಾತ್ರ ಹಾಕಿದೆ.

1-20ಕ್ಕೆ ಮೆಟ್ಟಿಲು ಹತ್ತುವಾಗ ನಾಲ್ಕನೇ ಮಹಡಿಯ ಟೀಚರಮ್ಮ ಬಾಗಿಲಲ್ಲಿ ನಿಂತಿದ್ದರು. ನಿವೃತ್ತ ಶಾಲಾ ಶಿಕ್ಷಕಿ, ವಯಸ್ಸು 71, ಒಬ್ಬರೇ ಇರುತ್ತಾರೆ, ಮೆಲುಮಾತಿನವರು. ನಾನು ಹೋದಾಗಲೆಲ್ಲ ಕೇಳದೆಯೇ ಕುಡಿಯಲು ನೀರು ಕೊಡುತ್ತಾರೆ. ಇಂದೂ ಕೊಟ್ಟರು. ಊಟವಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಮೊದಲು ಹೊಟ್ಟೆ ನೋಡಿಕೋ, ಆಮೇಲೆ ಕೆಲಸ ಎಂದರು. ಲಿಫ್ಟ್ ನಿಲ್ಲಿಸುತ್ತಿದ್ದೇನೆ, ಹತ್ತಬೇಡಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

1-32ಕ್ಕೆ ತಾರಸಿಯ ಯಂತ್ರದ ಕೋಣೆಯಲ್ಲಿ ಮುಖ್ಯ ಸ್ವಿಚ್ ಎಳೆದೆ. ಎಳೆಯುವ ಮೊದಲು ಹಗ್ಗ ನೋಡುತ್ತಾ ಹತ್ತು ಎಣಿಸಬೇಕು, ಹಗ್ಗ ಅಲುಗಿದರೆ ಲಿಫ್ಟಿನಲ್ಲಿ ಜನ ಇದ್ದಾರೆಂದು ಅರ್ಥ, ಅಲುಗದಿದ್ದರೆ ಮಾತ್ರ ಎಳೆಯಬೇಕು ಎಂದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ತಲೆಗೆ ಮೊಟಕಿ ಕಲಿಸಿದ್ದರು. 19 ವರ್ಷ ಎಣಿಸಿದ್ದೇನೆ. ಇಂದು 1-30ಕ್ಕೆ ಆಟ ಶುರುವಾಗಿತ್ತು, ಎಣಿಸಲಿಲ್ಲ.

ನೀರಿನ ಟ್ಯಾಂಕಿನ ನೆರಳಿನಲ್ಲಿ ಡಬ್ಬಿ ಬಿಚ್ಚಿ, ಕಿವಿಗೆ ಹಾಡು ಹಾಕಿಕೊಂಡು ಆಟಕ್ಕೆ ಕೂತೆ. ಮೇಜಿನಲ್ಲಿ ನಾವು ಮೂವರು. 1-41ಕ್ಕೆ ತಿಗಣೆಯಿಂದ ಬಂದ ಸಂದೇಶ: "ಲಿಫ್ಟಪ್ಪ, ಲಿಫ್ಟಲ್ಲಿ ಸಿಕ್ಕಾಕೊಂಡಿದೀನಿ. ಕತ್ತಲೆ. ಗಂಟೆ ಹೊಡೀತಿಲ್ಲ. ಏನ್ ಮಾಡ್ಲಿ?" ಮೂರನೆಯವನು ನಗುವ ಮುಖ ಹಾಕಿದ. ನನ್ನ ಕೈಯಲ್ಲಿ ರಾಣಿಯರ ಜೋಡಿ ಇತ್ತು. ಭೂಕಂಪದ ತಮ್ಮ ಬಂದ ಎಂದುಕೊಂಡೆ. ಮೂಲೆಯಲ್ಲಿ ಕೂತು ಸಾವಿರದವರೆಗೆ ಎಣಿಸು, ತಾನೇ ಸರಿಯಾಗುತ್ತೆ, ಲಿಫ್ಟಪ್ಪ ಹೇಳ್ತಿದೀನಿ ಎಂದು ಬರೆದು ಅವನನ್ನು ಮ್ಯೂಟ್ ಮಾಡಿದೆ. ಮುಂದಿನ 43 ನಿಮಿಷ ಆರಾಮಾಗಿ ಆಡಿದೆ. ಎರಡು ಸಲ ಗೆದ್ದೆ. ಪೀಡೆ ತೊಲಗಿತು ಎಂದು ಖುಷಿಪಟ್ಟೆ.

2-24ಕ್ಕೆ ಕಾವಲುಗಾರರು ಮೆಟ್ಟಿಲು ಹತ್ತಿ ಬಂದು ನನ್ನ ಭುಜ ಅಲುಗಿಸಿದರು. ಲಿಫ್ಟಿನ ಒಳಗಿಂದ ಯಾರೋ ತಟ್ಟುತ್ತಿದ್ದಾರೆ ಎಂದರು. ಸ್ವಿಚ್ ಹಾಕಿದೆ. ಮೂರು ಮತ್ತು ನಾಲ್ಕನೇ ಮಹಡಿಗಳ ನಡುವೆ ನಿಂತಿದ್ದ ಲಿಫ್ಟ್ ಮೂರಕ್ಕೆ ಇಳಿಯಿತು. ನಾನು ಊಟ ಮಾಡುತ್ತಿದ್ದ ಜಾಗದಿಂದ ಅದು 35 ಅಡಿ ಕೆಳಗೆ. 88 ಮೆಟ್ಟಿಲು ಇಳಿದು 2-27ಕ್ಕೆ ತಲುಪಿದೆ.

ಬಾಗಿಲು ತೆರೆದಿತ್ತು. ಟೀಚರಮ್ಮ ಮೂಲೆಯಲ್ಲಿ ಕೂತಿದ್ದರು. ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟಿದ್ದರು. ಮುಖ ಬೆವರಿನಿಂದ ತೊಯ್ದಿತ್ತು, ತುಟಿ ನೀಲಿಯಾಗಿತ್ತು. ಆರುನೂರ ಎಂಬತ್ತೊಂದು, ಆರುನೂರ ಎಂಬತ್ತೆರಡು ಎನ್ನುತ್ತಿದ್ದರು. ಅವರು ನನ್ನ ಕೈ ಹಿಡಿದು, "ಎರಡನೇ ಸಲ ಎಣಿಸ್ತಿದೀನಪ್ಪ, ಆಟದಲ್ಲಿ ಒಬ್ಬ ಹುಡುಗ ಹೇಳ್ಕೊಟ್ಟ," ಎಂದು ಹೇಳಿ ಪ್ರಜ್ಞೆ ತಪ್ಪಿದರು. ತೊಡೆಯ ಮೇಲಿನ ಟ್ಯಾಬ್‌ನಲ್ಲಿ ನಮ್ಮ ಮೇಜು ಕಾಣುತ್ತಿತ್ತು. ಮೇಲ್ಗಡೆ ತಿಗಣೆ ಎಂದಿತ್ತು. ಅದನ್ನು ಎಷ್ಟು ಹೊತ್ತು ನೋಡುತ್ತಾ ನಿಂತೆನೋ, ಈ ಹೇಳಿಕೆಯಲ್ಲಿ ಸಮಯ ಗೊತ್ತಿಲ್ಲದ್ದು ಅದೊಂದೇ.

2-46ಕ್ಕೆ ಆಂಬುಲೆನ್ಸ್ ಬಂತು. ಹೃದಯದ ತೊಂದರೆ, ನಾಳೆ ಬೆಳಗಿನವರೆಗೆ ಏನೂ ಹೇಳಲಾಗದು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ತಿಳಿಸಿದರು. 3-40ಕ್ಕೆ ಅವರ ಮಗಳು ಪರವೂರಿನಿಂದ, ನನ್ನ ಜೊತೆ ಬಂದಿದ್ದ ಕಾವಲುಗಾರರ ಫೋನಿಗೆ ಕರೆಮಾಡಿ ನನ್ನನ್ನು ಕೇಳಿದರು. ಅಮ್ಮನ ಮೊಬೈಲು ಚಾರ್ಜಿಗಿಟ್ಟಿದ್ದು ಮನೆಯಲ್ಲೇ ಉಳಿದಿದೆಯಂತೆ, ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಆ ಆಟ ಬಿಟ್ಟು ಬೇರೇನೂ ಇಲ್ಲ, ಮನೆಯ ವೈಫೈ ಅಲ್ಲಿಗೂ ಸಿಕ್ಕಿರಬೇಕು ಎಂದರು. ಬೇಸರ ಕಳೆಯಲೆಂದು ಅದನ್ನು ಹಾಕಿಕೊಟ್ಟವರು ಅವರೇ. ನೀವಿಲ್ಲದಿದ್ದರೆ ಅಮ್ಮನ ಗತಿ ಏನಾಗುತ್ತಿತ್ತೋ ಅಣ್ಣ ಎಂದು ಅತ್ತರು. ಫೋನನ್ನು ಕಾವಲುಗಾರರ ಕೈಗೆ ವಾಪಸು ಕೊಟ್ಟೆ.

4-10ಕ್ಕೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮ್ಯೂಟ್ ತೆಗೆದೆ. ಹನ್ನೊಂದು ಸಂದೇಶಗಳಿದ್ದವು. ಕಟ್ಟಡದ ಹೆಸರು, ಮಹಡಿ ಎರಡನ್ನೂ 1-44ಕ್ಕೇ ಬರೆದಿದ್ದರು. 1-52ಕ್ಕೆ, ಇದು ಬ್ಲಫ್ ಅಲ್ಲ ಎಂದು. 2-08ಕ್ಕೆ, "ಸಾವಿರ ಆಯ್ತು. ಈಗ?" 2-10ಕ್ಕೆ, ಇರಲಿ, ಇನ್ನೊಂದು ಸಲ ಎಣಿಸುತ್ತೇನೆ ಎಂದು.

ಕೊನೆಯದು 2-19ರದ್ದು. ಅದನ್ನು ಇದ್ದ ಹಾಗೇ ಬರೆದುಕೊಳ್ಳಬೇಕೆಂದು ಸಾಹೇಬರನ್ನು ಕೇಳಿಕೊಂಡಿದ್ದೇನೆ: "ನೀನ್ ಚಿಂತೆ ಮಾಡ್ಬೇಡ ಲಿಫ್ಟಪ್ಪ, ಆಡ್ಕೋ. ನಮ್ ಬಿಲ್ಡಿಂಗ್ ಲಿಫ್ಟಿನವನು ಮೇಲೇ ಇದಾನೆ, ತುಂಬ ಒಳ್ಳೆಯವನು. ಮೊದಲು ಊಟ ಮಾಡು ಅಂತ ನಾನೇ ಹೇಳಿದೀನಿ. ಮುಗಿಸ್ಕೊಂಡು ಬರ್ತಾನೆ."

ಹೇಳಿದ್ದನ್ನು ಓದಿಸಿ ಕೇಳಿದೆ. ಒಂದಕ್ಷರವೂ ಸುಳ್ಳಿಲ್ಲ. ಬಿಚ್ಚಿದ ಬ್ಯಾಟರಿ, ಹೊಸ ಬ್ಯಾಟರಿ, ನನ್ನ ಮೊಬೈಲು ಮೂರನ್ನೂ ಒಪ್ಪಿಸಿದ್ದೇನೆ.

ಸ್ಥಳ: ಠಾಣೆ
ದಿನ: ಬುಧವಾರ, ಸಂಜೆ 6-35
ಸಹಿ: (ಲಿಫ್ಟ್ ರಿಪೇರಿಯವನು)