ಸೋಪಿನ ಡಬ್ಬಿಯ ಮೇಲೆ ಕುಲದ ಅಂಚು

ದ್ವೀಪದೇಶದ ರಾಜಧಾನಿ ಸುವಾದ ಬಸ್ ನಿಲ್ದಾಣದ ಸರತಿಯಲ್ಲಿ ನನ್ನ ಮುಂದಿದ್ದ ಯುವತಿ ತನ್ನ ಸೋದರತ್ತೆಗೆ ಒಂದು ಸೋಪಿನ ಡಬ್ಬಿ ತೋರಿಸಿದಳು.

"ಬ್ಯಾಂಕು ಬಿಟ್ಟ ಮೇಲೆ ನನ್ನ ಮೊದಲನೇ ಕೆಲ್ಸ, ಅತ್ತೆ. ಫೋಟೊ, ಬ್ರ್ಯಾಂಡಿಂಗ್ ಎಲ್ಲಾ ನಂದೇ."

"ಡಬ್ಬಿ ಮೇಲಿನ ಈ ಅಂಚಿನ ಚಿತ್ತಾರ ಯಾರದ್ದು, ಲೈಸಾ?"

"ಅಜ್ಜಿ ಮರದ ತೊಗಟೆ ಬಡಿದು ಮಾಡಿದ ಬಟ್ಟೇದು. ಕಂಪನಿಯವರು ಮರುಳಾಗ್ಬಿಟ್ರು. ನಾಳೆ ತಮ್ಮ ಗುರುತು ಅಂತ ನೋಂದಾಯಿಸ್ತಾರೆ."

"ತಮ್ಮ ಗುರುತಾ? ಅದು ನಮ್ಮ ಕುಲದ್ದು ಕಣೇ! ಹಿರಿಯರ ಮುಂದೆ ಯಂಗೋನ ಬೇರಿನ ಕಟ್ಟು ಕಾಣಿಕೆ ಇಟ್ಟು ಅಪ್ಪಣೆ ಕೇಳಿದ್ಯಾ?"

"ಸೋಪಿಗೆಲ್ಲ ಬೇರು ಇಡ್ತಾರಾ?"

"ನಿಮ್ಮ ಬ್ಯಾಂಕಲ್ಲಿ ಪೆನ್ನಿಗೂ ದಾರ ಕಟ್ಟಿರ್ತಾರೆ. ನೀನು ಕುಲದ ಅಂಚನ್ನೇ ಬಿಚ್ಚಿ ಕೊಟ್ಯಲ್ಲ. ನಾಳೆಯಿಂದ ಅದನ್ನ ಬರೆದ್ರೆ ನಾವೇ ಕಳ್ಳರು."

ಲೈಸಾ ಕಂಪನಿಗೆ ಫೋನ್ ಮಾಡಿದಳು. "ನೋಂದಾಯಿಸಬೇಡಿ ಸರ್. ಆ ಅಂಚು ಕೊಡೋಕೆ ನಂಗೆ ಹಕ್ಕಿರ್ಲಿಲ್ಲ," ಎಂದಳು. ಆ ಕಡೆಯ ಮಾತು ಮುಗಿದ ಮೇಲೆ ಫೋನ್ ಚೀಲಕ್ಕೆ ಹಾಕಿದಳು.

"ಏನಂದ್ರು?"

"ಅಂಚು ಇಲ್ದಿದ್ರೆ ನೀನೂ ಬೇಡ ಅಂದ್ರು."

ಬಸ್ಸು ಬಂತು. ಇಬ್ಬರೂ ಹತ್ತಲಿಲ್ಲ.

"ತಪ್ಪೊಪ್ಪಿಕೊಳ್ಳೋಕೆ ಬೇರು ಒಂದು ಕಟ್ಟು ಸಾಕಾ, ಅತ್ತೆ?"

"ತಪ್ಪಿಗೆ ಒಂದು ಸಾಕು. ಇನ್ನೊಂದೂ ತಗೋ. ನಮ್ಮೂರ ಹೆಂಗಸರು ಮಾಡೋ ಕೊಬ್ಬರಿ ಎಣ್ಣೆ ಡಬ್ಬಿಗೆ ಆ ಅಂಚು ಕೊಡಿ ಅಂತ ಅದನ್ನಿಟ್ಟು ಹಿರಿಯರನ್ನ ಕೇಳು."

ಸರತಿ ಬಿಟ್ಟು ಅವರು ಬೇರು ಕೊಳ್ಳಲು ಮಾರುಕಟ್ಟೆಯ ಕಡೆ ನಡೆದರು.