ಕಿಟಕಿ ಅಳೆದವಳು

"ಹಲೋ... ಹಾಂ, ಟೈಲರ್ ಅಂಗಡೀನೇ. ಯಾರು ಮಾತಾಡ್ತಿರೋದು?..."

ಅವಳು ಕತ್ತರಿ ಕೆಳಗಿಟ್ಟಳು. ಫೋನೆತ್ತುವುದೆಂದರೆ ಅವಳಿಗೆ ಮೊದಲಿನಿಂದಲೂ ಅಳುಕು. ಮಾಲೀಕರು ಊಟಕ್ಕೆ ಹೋಗಿದ್ದರು.

"ಹೌದು, ಜ್ಯೂರಿಯಲ್ಲಿದ್ದೋಳು ನಾನೇ... ಕಟಕಟೇಲಿ ನಿಂತಿದ್ರಲ್ಲ, ಅವರ ತಾಯಿಯಾ? ದಿನಾ ಹಿಂದಿನ ಬೆಂಚಲ್ಲಿ ಕೂರ್ತಿದ್ರಲ್ಲ, ಕಂದು ಸ್ವೆಟರ್? ಎಡ ಮೊಣಕೈ ಹತ್ರ ಹೊಲಿಗೆ ಬಿಟ್ಟಿತ್ತು... ಏನ್ಮಾಡೋದಮ್ಮ, ಕಣ್ಣಿಗೆ ಬೀಳತ್ತೆ..."

ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಕೋರ್ಟು ಆರಿಸಿದ ಹನ್ನೆರಡು ಜನರಲ್ಲಿ ಅವಳೊಬ್ಬಳು. ಮೊನ್ನೆ ಆ ವಿಚಾರಣೆ ತೀರ್ಪಿಲ್ಲದೆ ರದ್ದಾಗಿತ್ತು, ಅವಳ ದೆಸೆಯಿಂದಲೇ.

"ಅಳೆದೆ, ನಿಜ. ನಿಮ್ಮ ಮಗ ಗೋದಾಮಿನ ಹಿಂದಿನ ಕಿಟಕೀಲಿ ನುಸುಳಿ ಕಾವಲುಗಾರನ ತಲೆ ಒಡೆದ ಅಂದ್ರಲ್ಲ? ಕೋರ್ಟಲ್ಲಿ ನಿಮ್ಮ ಮಗನ ಭುಜ ನೋಡಿದಾಗ್ಲೇ ಇದು ಆಗೋ ಮಾತಲ್ಲ ಅನ್ನಿಸ್ತು. ಮನೆಗೆ ಹೋಗ್ತಾ ಆ ಕಿಟಕಿಗೆ ಟೇಪ್ ಹಿಡಿದೆ. ಒಂಬತ್ತು ಇಂಚು. ಅಡ್ಡ ತಿರುಗಿದ್ರೂ ಎದೆ ಸಿಕ್ಕಾಕೊಳ್ಳತ್ತೆ... ಹಾಂ, ನಾನು ಅಳೆಯೋದನ್ನ ಆ ಕಾವಲುಗಾರನೇ ನೋಡಿ ಕೋರ್ಟಿಗೆ ಹೇಳಿದ್ದು..."

"ಕೋರ್ಟಲ್ಲಿ ಕೇಳಿದ್ದಷ್ಟೇ ಲೆಕ್ಕ, ನೀವಾಗಿ ಹೋಗಿ ನೋಡಬೇಡಿ ಅಂದಿದ್ರು ಜಡ್ಜು. ನೋಡಬೇಡಿ ಅಂದ್ರೆ ಅಳೀಲೂಬಾರದು ಅಂತ ನನ್ನ ತಲೆಗೆ ಹೋಗ್ಲಿಲ್ಲ. ಅಳೀದೇ ಕತ್ತರಿ ಹಾಕಿ ಗೊತ್ತಿಲ್ವಲ್ಲ ನಮಗೆ..."

"ಬಿಡುಗಡೆ ಅಂತ ತೀರ್ಪು ಬಂದಿದ್ರೆ ಅದೇ ಕೇಸಲ್ಲಿ ಅವರನ್ನ ಮತ್ತೆ ಯಾರೂ ಮುಟ್ಟೋ ಹಾಗಿರ್ಲಿಲ್ಲ, ಅಲ್ವಾ?... ಈಗ ಮೊದಲಿಂದಾನಾ?... ತಡೆಯೋಕೆ ದಾರಿ ಇದ್ಯಾ? ಹೇಳಿ, ಹೇಳಿ..."

ಅವಳು ಎದ್ದು, ಫೋನಿನ ವೈರು ಬಿಟ್ಟಷ್ಟು ದೂರ ನಡೆದು, ಹಿಂದಕ್ಕೆ ಬಂದಳು.

"ನಿಧಾನಕ್ಕಮ್ಮ, ನಾನು ಓದಿದ್ದು ಏಳನೇ ಕ್ಲಾಸು... ಬೇರೆ ದಾರಿ ಇಲ್ದೇ ನಿಲ್ಲಿಸಿದ್ರೆ ಮತ್ತೆ ವಿಚಾರಣೆ ಮಾಡಬಹುದು. ನಿಮ್ಮ ಲಾಯರು ಬೇಡ ಅಂದ್ರೂ ಆತುರಕ್ಕೆ ನಿಲ್ಲಿಸಿದ್ರೆ ಮಾಡೋ ಹಾಗಿಲ್ಲ... ಸರಿ... ನನ್ನೊಬ್ಬಳನ್ನ ಎಬ್ಬಿಸಿ, ಯಾರಾದ್ರೂ ತಪ್ಪಿದ್ರೆ ಇರ್ಲಿ ಅಂತ ಹದಿಮೂರನೆಯವರಾಗಿ ಕೂರಿಸಿದ್ರಲ್ಲ ಆ ಮೇಷ್ಟ್ರು, ಅವರನ್ನ ನನ್ನ ಜಾಗಕ್ಕೆ ಹಾಕಿದ್ರೆ ಸಾಕಿತ್ತಾ?... ಓ. ನಾನು ಉಳಿದೋರಿಗೆ ಯಾರಿಗೂ ಹೇಳದೇ ಇದ್ದಿದ್ರೆ ಮಾತ್ರ. ಆಗ ನಿಲ್ಲಿಸಿದ್ದೇ ಆತುರ ಅಂತಾಗತ್ತೆ..."

"ಜಡ್ಜು ಕೇಳಿದ್ದು ಅಳೆದ್ಯಾ ಅಂತ ಮಾತ್ರ. ಹೂಂ ಅಂದೆ. ಯಾರಿಗೆ ಹೇಳಿದೆ ಅಂತ ಕೇಳಲೇ ಇಲ್ಲ... ಸೋಮವಾರ ಕರೆಸ್ತಾರಾ?... ಯಾರಿಗೂ ಹೇಳಿಲ್ಲ ಅನ್ನಬೇಕಾ?... ಲಾಯರು ಹೇಳಿಕೊಟ್ರಾ?... ನೀವೇನಾ."

"ನಂಬ್ತಾರೆ, ಗೊತ್ತು. ಬಾಯಿಲ್ಲದೋಳು, ಇವಳು ಯಾರಿಗೆ ಹೇಳಿರ್ತಾಳೆ ಅಂತ... ಅದೇ ನೋಡಿ ಅಮ್ಮ. ಒಂಬತ್ತು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೋಳು ಅವತ್ತು ಎದ್ದು ನಿಂತೆ. ಹನ್ನೊಂದು ಜನರ ಮುಂದೆ. ಆ ಒಂಬತ್ತು ಇಂಚಿನ ಲೆಕ್ಕ ಹೇಳಿದೆ. ನನ್ನ ಮಾತನ್ನ ಹುಟ್ಟಿದಾಗಿಂದ ಯಾರೂ ಹಾಗೆ ಕೇಳಿರ್ಲಿಲ್ಲ..."

"ಹಾಂ, ಕೈ ಎತ್ತಿಸಿದ್ರು. ಬಿಡುಗಡೆಗೆ ಹನ್ನೊಂದು ಕೈ, ಹನ್ನೆರಡೂ ಬೇಕಿತ್ತು... ಮಿಕ್ಕೋರೊಬ್ರಾ? ಟೀ ಕುಡಿದು ಹೇಳ್ತೀನಿ ಅಂದ್ರು. ಟೀ ಬರೋಕ್ಮುಂಚೆ ಜಡ್ಜು ಕರೆದ್ರು..."

ಅವಳು ಮೇಜಿನ ಮೇಲಿನ ದಾರದ ತುಣುಕುಗಳನ್ನು ಒಂದೊಂದಾಗಿ ಹೆಕ್ಕಿ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಅಳಬೇಡಿ... ಇಲ್ಲಮ್ಮ, ಆಗಲ್ಲ. ಅವರು ಹನ್ನೊಂದು ಜನ ಇದಾರಲ್ಲ. ಒಬ್ಬರು ಬಾಯಿಬಿಟ್ಟರೂ ನಾನು ಸುಳ್ಳಿ. ಸುಳ್ಳಿಯ ಅಳತೆ ಯಾರಿಗೆ ಬೇಕು?... ಮುಂದಿನ ವಿಚಾರಣೆಗೆ ನನ್ನನ್ನ ಸಾಕ್ಷಿಯಾಗಿ ಕರೀಲಿ. ತೀರ್ಪು ಹೇಳೋಳು ಅಳೀಬಾರದು, ಸಾಕ್ಷಿ ಅಳೀಬಹುದಲ್ವಾ? ಲಾಯರನ್ನ ಕೇಳಿ... ಗೊತ್ತು, ಅಲ್ಲೀವರೆಗೂ ನಿಮ್ಮ ಮಗ ಒಳಗೇ ಇರ್ತಾರೆ. ಗೊತ್ತು..."

"ಸೋಮವಾರ ಇದ್ದದ್ದೇ ಹೇಳ್ತೀನಿ. ಎಲ್ಲರಿಗೂ ಹೇಳಿದೆ, ನಿಂತ್ಕೊಂಡೇ ಹೇಳಿದೆ ಅಂತ... ಅಮ್ಮಾ? ಕೇಳಿಸ್ತಾ?... ಬೈದಾದರೂ ಫೋನಿಡಿ, ಹೀಗೆ ಸುಮ್ಮನೆ... ಹಲೋ?... ಹಲೋ..."